ಶಕುನಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ?

ಈಗ ನಮ್ಮಂಥ ಸಣ್ಣ ಊರುಗಳಲ್ಲೂ ಮದುವೆಯ ಕರೆಯೋಲೆಯನ್ನು ಎರಡು ಭಾಷೆಯಲ್ಲಿ ಅಚ್ಚು ಹಾಕಿಸುವುದು ವಾಡಿಕೆಯಾಗಿದೆ. ಒಂದು ಪುಟದಲ್ಲಿ 'ಶುಭ ಮುಹೂರ್ತದಲ್ಲಿ' ಎಂದು ಕನ್ನಡ, ಎದುರು ಪುಟದಲ್ಲಿ 'ಆಸ್ಪಿಷಸ್ ಅಕೇಷನ್' ಎಂದು ಇಂಗ್ಲಿಷ್. ಗೃಹಪ್ರವೇಶವಾಗಲಿ, ನಾಮಕರಣವಾಗಲಿ, ಅಂಗಡಿ ಪೂಜೆಯಾಗಲಿ, ಈ ಆಸ್ಪಿಷಸ್ ತಪ್ಪುವುದಿಲ್ಲ. ನಾವೆಲ್ಲ ಅದನ್ನು ಓದುತ್ತೇವೆ, ದಿನ ಮರೆಯದಿರಲೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತೇವೆ. ಆದರೆ ಆ ಪದ ಎಲ್ಲಿಂದ ಬಂತು, ಅದರ ಅಕ್ಕತಂಗಿಯರು ಯಾರು ಯಾರು, ಯಾವುದನ್ನು ಎಲ್ಲಿ ಬಳಸಬೇಕು ಎಂದೆಲ್ಲ ಯೋಚಿಸಲು ನಮಗೆ ಪುರುಸೊತ್ತೆಲ್ಲಿ?

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ, ಅದೂ ಕನ್ನಡ ಮಾಧ್ಯಮದಲ್ಲಿ. ಇಂಗ್ಲಿಷ್ ಕಲಿತದ್ದು ಮಕ್ಕಳು ಪಾಠ ಒಪ್ಪಿಸುವಾಗ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತಾ. ಮಗಳು ಶಾಲೆಯಲ್ಲಿ ಬಹುಮಾನವಾಗಿ ತಂದ ದಪ್ಪ ಡಿಕ್ಷನರಿಯೊಂದು ಮನೆಯಲ್ಲಿದೆ. ಅದರಲ್ಲಿ ಪ್ರತಿ ಪದದ ಕೆಳಗೂ ಸಣ್ಣ ಅಕ್ಷರದಲ್ಲಿ ಆ ಪದದ ಹುಟ್ಟೂರನ್ನು ಬರೆದಿದ್ದಾರೆ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ಕನ್ನಡಕ ಹಾಕಿಕೊಂಡು ಅದನ್ನು ಓದುವುದು ನನ್ನ ಚಟ. ಶಕುನದ ಪದಗಳನ್ನು ಹುಡುಕಿಕೊಂಡು ಹೋದದ್ದೂ ಹಾಗೆಯೇ. ಸಿಕ್ಕಿದ್ದನ್ನು ನಿಮ್ಮ ಮುಂದಿಡುತ್ತೇನೆ. ಅದರ ಜೊತೆಗೆ ನಮ್ಮ ಮನೆಯ ಒಂದು ವಿಷಯವನ್ನೂ ಹೇಳುವುದಿದೆ.

ಮೊದಲು 'ಓಮೆನ್'. ಇದು ನಮ್ಮ ಶಕುನಕ್ಕೆ ಸರಿಜೋಡಿ. ಶಕುನದ ಹಾಗೆ ಇದೂ ಎರಡು ಕಡೆಗೂ ವಾಲುತ್ತದೆ. ಒಳ್ಳೆಯದಾದರೆ ಗುಡ್ ಓಮೆನ್, ಕೆಟ್ಟದ್ದಾದರೆ ಬ್ಯಾಡ್ ಓಮೆನ್. ಗೃಹಪ್ರವೇಶದ ದಿನ ಹಾಲು ಉಕ್ಕಿದರೆ ಗುಡ್ ಓಮೆನ್, ಮಿಕ್ಕ ದಿನ ಉಕ್ಕಿದರೆ ಒಲೆ ಒರೆಸುವ ಕೆಲಸ! ಆದರೆ ಅದರ ಹೊಟ್ಟೆಯಿಂದಲೇ ಹುಟ್ಟಿದ 'ಆಮಿನಸ್' ಎಂಬ ಪದ ಕೆಟ್ಟದ್ದಕ್ಕೆ ಮಾತ್ರ ಸಲ್ಲುತ್ತದೆ. ಮಾಳಿಗೆಯ ಮೇಲೆ ಹಪ್ಪಳ ಒಣಹಾಕಿದ ದಿನ ಕಪ್ಪಗೆ ಕವಿಯುತ್ತದಲ್ಲ, ಆ ಮೋಡ ಆಮಿನಸ್. ಪಕ್ಕದ ಕೋಣೆಯಲ್ಲಿ ಗಲಾಟೆ ಮಾಡುತ್ತಿದ್ದ ಮಕ್ಕಳು ಇದ್ದಕ್ಕಿದ್ದಂತೆ ಸುಮ್ಮನಾದರೆ ಆ ಮೌನವೂ ಆಮಿನಸ್. ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 'ಆಸ್ಪಿಷಸ್' ಎಂಬುದು ಇದರ ತದ್ವಿರುದ್ಧ, ಒಳ್ಳೆಯದಕ್ಕೆ ಮಾತ್ರ. ಕೆಟ್ಟದ್ದನ್ನು ಹೇಳಬೇಕಾದರೆ ಅದರ ಮುಂದೆ 'ಇನ್' ಸೇರಿಸಿ 'ಇನ್‌ಆಸ್ಪಿಷಸ್' ಎನ್ನಬೇಕು.

'ಪೋರ್ಟೆಂಟ್' ಸ್ವಲ್ಪ ಭಾರದ ಪದ. ಧೂಮಕೇತು, ಗ್ರಹಣ, ಅಕಾಲದಲ್ಲಿ ಆದ ಏನೋ ಒಂದು ದೊಡ್ಡ ಸಂಗತಿ, ಅಂದರೆ ನಮ್ಮ ಹಿರಿಯರು 'ಉತ್ಪಾತ' ಎನ್ನುತ್ತಿದ್ದರಲ್ಲ ಅದು. ಹಲ್ಲಿ ಲೊಚಗುಟ್ಟಿದ್ದಕ್ಕೆಲ್ಲ ಪೋರ್ಟೆಂಟ್ ಎಂದರೆ ನಗುತ್ತಾರೆ. 'ಫೋರ್‌ಬೋಡಿಂಗ್' ಹೊರಗೆ ಕಾಣುವ ಗುರುತಲ್ಲ, ಎದೆಯೊಳಗಿನ ಅಳುಕು. ಹೇಳಿದ ಹೊತ್ತಿಗೆ ಮಗ ಮನೆಗೆ ಬರದಿದ್ದಾಗ ಹೊಟ್ಟೆಯಲ್ಲಿ ಕಲಸಿದಂತಾಗುತ್ತದಲ್ಲ, ಅದೇ. 'ಹಾರ್ಬಿಂಜರ್' ಎಂದರೆ ಹಿಂದಿನ ಕಾಲದಲ್ಲಿ ಸೈನ್ಯಕ್ಕೋ ರಾಜಪರಿವಾರಕ್ಕೋ ತಂಗಲು ಜಾಗ ಗೊತ್ತುಮಾಡಲು ಮುಂಚಿತವಾಗಿ ಹೋಗುತ್ತಿದ್ದ ಆಳು. ಈಗ ಮುಂದೆ ಬರುವುದನ್ನು ಸಾರುವ ಯಾವುದಕ್ಕಾದರೂ ಈ ಹೆಸರು ಒಪ್ಪುತ್ತದೆ. ಮಾವಿನ ಚಿಗುರು, ಕೋಗಿಲೆಯ ದನಿ ವಸಂತದ ಹಾರ್ಬಿಂಜರ್. ನಮ್ಮ ಮನೆಯ ಮುಂದೆ ಕಾಗೆ ಕೂಗಿದರೆ ಅದು ನೆಂಟರ ಹಾರ್ಬಿಂಜರ್, ಅನ್ನಕ್ಕೆ ಇನ್ನೊಂದು ಪಾವು ಅಕ್ಕಿ ಹಾಕುವುದು ವಾಸಿ.

ನಾವು ದಿನಬೆಳಗಾದರೆ ಪೇಪರಿನಲ್ಲಿ ಓದುವ 'ಡಿಸಾಸ್ಟರ್' ಎಂಬ ಪದವೂ ಈ ಕುಟುಂಬದ್ದೇ ಎಂದರೆ ಆಶ್ಚರ್ಯವಾಗುತ್ತದೆ. ಅದರೊಳಗಿರುವ 'ಆಸ್ಟರ್' ಎಂದರೆ ನಕ್ಷತ್ರ. ನಕ್ಷತ್ರ ಸರಿಯಿಲ್ಲದ್ದರಿಂದ ಆದ ಅನಾಹುತ ಎಂದು ಅದರ ಮೂಲ ಅರ್ಥ. ಪಂಚಾಂಗ ನಮ್ಮ ಮನೆಯ ಗೂಟಕ್ಕೆ ಮಾತ್ರ ತೂಗುಹಾಕಿದ್ದಲ್ಲ ನೋಡಿ!

ಇನ್ನು ಆಸ್ಪಿಷಸ್ ಎಂಬ ಪದದ ಹುಟ್ಟೂರಿಗೆ ಬರೋಣ. ಅದು ಲ್ಯಾಟಿನ್ ಭಾಷೆಯದು. 'ಅವಿಸ್' ಎಂದರೆ ಹಕ್ಕಿ, 'ಸ್ಪೆಕೆರೆ' ಎಂದರೆ ನೋಡುವುದು. ಎರಡೂ ಸೇರಿ ಹಕ್ಕಿ ನೋಡುವುದು! ಹಿಂದೆ ರೋಮ್ ನಗರದಲ್ಲಿ ಆಗರ್ ಎಂಬ ಪುರೋಹಿತರಿದ್ದರು. ಯುದ್ಧವೋ ಸಭೆಯೋ ನಡೆಯುವ ಮೊದಲು ಇವರು ಆಕಾಶದಲ್ಲಿ ಹಕ್ಕಿಗಳು ಎತ್ತಲಿಂದ ಎತ್ತ ಹಾರಿದವು, ಹೇಗೆ ಕೂಗಿದವು ಎಂದು ನೋಡಿ ದೇವರ ಒಪ್ಪಿಗೆ ಇದೆಯೋ ಇಲ್ಲವೋ ಹೇಳುತ್ತಿದ್ದರು. ನಮ್ಮೂರಿನಲ್ಲಿ ಟೇಪು ಕತ್ತರಿಸಿ ಮಾಡುವ 'ಇನಾಗರೇಷನ್' ಕೂಡ ಈ ಆಗರ್‌ನಿಂದಲೇ ಬಂದದ್ದು. ಇಂಥವರ ಆಶ್ರಯದಲ್ಲಿ ಉಚಿತ ಕಣ್ಣು ತಪಾಸಣೆ ಎಂದು ಹಾಕುತ್ತಾರಲ್ಲ, ಆ 'ಆಶ್ರಯ'ಕ್ಕೆ ಇಂಗ್ಲಿಷಿನಲ್ಲಿ ಬಳಸುವ 'ಆಸ್ಪಿಸಸ್' ಎಂಬುದೂ ಅದೇ ಹಕ್ಕಿ ನೋಡುವ ಕೆಲಸವೇ.

ಸೈನ್ಯದ ಜೊತೆಗೆ ಅವರು ಪಂಜರದಲ್ಲಿ ಕೋಳಿಗಳನ್ನೂ ಒಯ್ಯುತ್ತಿದ್ದರು. ಹಾಕಿದ ಕಾಳನ್ನು ಕೋಳಿ ಗಬಗಬನೆ ತಿಂದರೆ ಶುಭ, ತಿನ್ನದಿದ್ದರೆ ಅಶುಭ. ಕ್ರಿ.ಪೂ. 249ರಲ್ಲಿ ಸಿಸಿಲಿಯ ಡ್ರೆಪಾನ ಎಂಬಲ್ಲಿ ಸಮುದ್ರ ಯುದ್ಧಕ್ಕೆ ಹೊರಟ ಕ್ಲಾಡಿಯಸ್ ಪಲ್ಕರ್ ಎಂಬ ದಳಪತಿಯ ಕೋಳಿಗಳು ಕಾಳು ಮುಟ್ಟಲಿಲ್ಲವಂತೆ. ತಿನ್ನದಿದ್ದರೆ ನೀರಾದರೂ ಕುಡಿಯಲಿ ಎಂದು ಅವನು ಅವನ್ನು ಸಮುದ್ರಕ್ಕೆ ಎಸೆಸಿದನಂತೆ. ಯುದ್ಧದಲ್ಲಿ ಸೋತ, ಬಹುಪಾಲು ಹಡಗುಗಳು ಹೋದವು. ಎಲ್ಲರೂ ಕೋಳಿಯ ಮಾತನ್ನೇ ನೆನೆದರು. ಹಡಗು ನಡೆಸಿದ ರೀತಿ ಸರಿಯಿತ್ತೇ ಎಂದು ಕೇಳುವುದಕ್ಕಿಂತ ಕೋಳಿಯನ್ನು ನೆನೆಯುವುದು ಸುಲಭ ನೋಡಿ.

ನಮ್ಮ 'ಶಕುನ' ಎಂಬ ಪದಕ್ಕೂ ಹುಟ್ಟೂರು ಇರಬೇಕಲ್ಲ ಎಂದು ಗ್ರಂಥಾಲಯಕ್ಕೆ ಹೋಗಿ ಕಿಟೆಲ್ ಅವರ ನಿಘಂಟನ್ನು ಕೇಳಿ ತೆಗೆಸಿದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಗ್ರಂಥ. ಹಾಳೆ ತಿರುಗಿಸಿ ನೋಡಿದರೆ ಮೈ ಜುಮ್ಮೆಂದಿತು. ಸಂಸ್ಕೃತದಲ್ಲಿ ಶಕುನ ಎಂದರೂ ಹಕ್ಕಿ! ಕಾಡಿನಲ್ಲಿ ಬಿಟ್ಟುಹೋದ ಹಸುಗೂಸನ್ನು ಶಕುಂತಗಳೆಂಬ ಹಕ್ಕಿಗಳು ಕಾಪಾಡಿದವು, ಅದಕ್ಕೇ ಅವಳು ಶಕುಂತಲೆಯಾದಳು ಎಂಬ ಕಥೆ ನಮಗೆಲ್ಲ ಗೊತ್ತು. ಆದರೆ ಶಕುನಕ್ಕೂ ಆ ಹಕ್ಕಿಗೂ ಇರುವ ನಂಟು ಹೊಳೆದಿರಲಿಲ್ಲ. ರೋಮಿನವರೂ ಹಕ್ಕಿ ನೋಡಿದರು, ನಮ್ಮವರೂ ಹಕ್ಕಿ ನೋಡಿದರು. ಇಂದಿಗೂ ಬುಡುಬುಡಿಕೆಯವರು ಹಾಲಕ್ಕಿ ನುಡಿದದ್ದನ್ನು ಹೇಳುತ್ತೇವೆಂದು ಬಾಗಿಲಿಗೆ ಬರುವುದುಂಟು.

ಹಕ್ಕಿ ಮಾತ್ರವಲ್ಲ, ಕಿವಿಗೆ ಬಿದ್ದ ಮಾತೂ ಶಕುನವೇ. ನಾವು 'ಹೋಗ್ತೀನಿ' ಅನ್ನುವುದಿಲ್ಲ, 'ಹೋಗಿ ಬರ್ತೀನಿ' ಅನ್ನುತ್ತೇವೆ. ದೀಪ ಆರಿಸುವುದಿಲ್ಲ, ಶಾಂತ ಮಾಡುತ್ತೇವೆ. ಬಳೆ ಒಡೆಯಿತು ಎನ್ನದೆ 'ಹೆಚ್ಚಿತು' ಎನ್ನುತ್ತೇವೆ. ಅಸ್ತು ದೇವತೆಗಳು ಓಡಾಡುತ್ತಿರುತ್ತವೆ, ಬಾಯಲ್ಲಿ ಒಳ್ಳೆಯ ಮಾತೇ ಬರಲಿ ಎಂದು ಅಜ್ಜಿಯರು ಎಚ್ಚರಿಸುತ್ತಿದ್ದರು. ರೋಮಿನಲ್ಲೂ ಇದೇ ಕಥೆ. ಕ್ರಾಸಸ್ ಎಂಬ ಶ್ರೀಮಂತ ಸೇನಾಪತಿ ಹಡಗು ಹತ್ತುವಾಗ ದಡದಲ್ಲಿ ಒಬ್ಬ 'ಕೌನಸ್ ಊರಿನ ಅಂಜೂರ' ಎಂದು ಕೂಗಿ ಮಾರುತ್ತಿದ್ದನಂತೆ. ಲ್ಯಾಟಿನ್ನಿನಲ್ಲಿ ಆ ಕೂಗು 'ಜೋಕೆ, ಹೋಗಬೇಡ' ಎಂದು ಕೇಳುವ ಹಾಗಿತ್ತು. ಅವನು ಹೋದ, ಕ್ರಿ.ಪೂ. 53ರಲ್ಲಿ ಪಾರ್ಥಿಯನ್ನರ ಮೇಲಿನ ಯುದ್ಧದಲ್ಲಿ ಸತ್ತ. ಇದನ್ನು ಬರೆದಿಟ್ಟ ಸಿಸಿರೋ ಎಂಬ ಪಂಡಿತ ತಾನೇ ಒಬ್ಬ ಆಗರ್. ಆದರೂ ಅವನು, ಇಂಥದ್ದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ ಎಡವಿದ್ದು, ಚಪ್ಪಲಿಯ ದಾರ ಹರಿದದ್ದು, ಸೀನಿದ್ದು ಎಲ್ಲಕ್ಕೂ ಹೆದರಬೇಕಾದೀತು ಎಂದು ನಕ್ಕುಬಿಟ್ಟಿದ್ದಾನೆ.

ಇನ್ನೊಂದು ವಿಚಿತ್ರ ಕೇಳಿ. 'ಸಿನಿಸ್ಟರ್' ಎಂದರೆ ಈಗ ಇಂಗ್ಲಿಷಿನಲ್ಲಿ ಕೇಡಿನ ಛಾಯೆ ಇರುವುದು ಎಂದರ್ಥ. ಮೂಲದಲ್ಲಿ ಅದು ಬರೀ 'ಎಡ'. ಆದರೆ ರೋಮಿನ ಹಳೆಯ ಆಗರ್‌ಗಳಿಗೆ ಎಡವೇ ಶುಭವಾಗಿತ್ತು. ಅವರು ದಕ್ಷಿಣಕ್ಕೆ ಮುಖ ಮಾಡಿ ನಿಲ್ಲುತ್ತಿದ್ದರು, ಸೂರ್ಯ ಹುಟ್ಟುವ ಪೂರ್ವ ಎಡಕ್ಕೆ ಬರುತ್ತಿತ್ತು. ಗ್ರೀಕರು ಉತ್ತರಕ್ಕೆ ಮುಖ ಮಾಡುತ್ತಿದ್ದರು, ಅವರಿಗೆ ಪೂರ್ವ ಬಲಕ್ಕೆ, ಆದ್ದರಿಂದ ಬಲ ಶುಭ ಎಂದು ತಿಳಿದವರು ವಿವರಿಸುತ್ತಾರೆ. ಹಕ್ಕಿ ಅದೇ, ಹಾರಿದ ದಿಕ್ಕೂ ಅದೇ. ಬದಲಾದದ್ದು ನೋಡುವವನು ನಿಂತ ರೀತಿ ಮಾತ್ರ. ನಮ್ಮಲ್ಲೂ ಎಡಗಣ್ಣು ಅದುರಿದರೆ ಹೆಂಗಸರಿಗೆ ಒಳ್ಳೆಯದು, ಗಂಡಸರಿಗೆ ಕೆಟ್ಟದ್ದು ಎನ್ನುವುದಿಲ್ಲವೇ? ಕರಿ ಬೆಕ್ಕು ಅಡ್ಡ ಬಂದರೆ ನಾವು ನಿಂತುಬಿಡುತ್ತೇವೆ, ಇಂಗ್ಲೆಂಡಿನ ಎಷ್ಟೋ ಕಡೆ ಅದು ಅದೃಷ್ಟ. ಗೂಬೆ ನಮಗೆ ಅಪಶಕುನ, ಬಂಗಾಳದಲ್ಲಿ ಅದು ಲಕ್ಷ್ಮಿಯ ವಾಹನ.

ಗೂಬೆ ಎಂದಾಗ ನಮ್ಮ ಕನ್ನಡದ ಒಂದು ಮಾತು ನೆನಪಾಗುತ್ತದೆ. ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕೆ ನಾವು 'ಗೂಬೆ ಕೂರಿಸುವುದು' ಎನ್ನುತ್ತೇವೆ. ಎಷ್ಟು ಸರಿಯಾದ ಮಾತು! ಮರದ ಮೇಲಿದ್ದ ಶಕುನದ ಹಕ್ಕಿ ಬಂದು ಮನುಷ್ಯರ ತಲೆಯ ಮೇಲೆ ಕೂತಿತು. ಇಂಗ್ಲಿಷಿನವರೂ ಇದಕ್ಕೆ ಹೊರತಲ್ಲ. ಹಡಗಿನಲ್ಲಿ ಯಾರಿಂದ ಕೇಡಾಗುತ್ತದೆಂದು ಅನುಮಾನವೋ ಅವನನ್ನು ಬೈಬಲ್ಲಿನ ಕಥೆಯ ಪ್ರಕಾರ 'ಜೋನಾ' ಎಂದು ಕರೆಯುತ್ತಿದ್ದರು. ಹೆಂಗಸರು ಹಡಗು ಹತ್ತಿದರೆ ಕೆಟ್ಟದ್ದು ಎಂಬ ನಂಬಿಕೆಯೂ ನಾವಿಕರಲ್ಲಿತ್ತು. ಆದರೂ ಬಳಕೆಯಲ್ಲಿ ಒಂದು ಅಂತರ ಉಂಟು. ಆಸ್ಪಿಷಸ್, ಇನ್‌ಆಸ್ಪಿಷಸ್ ಎಂಬ ಪದಗಳನ್ನು ಇಂಗ್ಲಿಷಿನಲ್ಲಿ ಹೆಚ್ಚಾಗಿ ದಿನಕ್ಕೆ, ಗಳಿಗೆಗೆ, ಆರಂಭಕ್ಕೆ ಹಾಕುತ್ತಾರೆ. ನಾವು 'ಅಮಂಗಲ' ಎಂಬುದನ್ನು ನಡೆದಾಡುವ, ಉಣ್ಣುವ, ಉಸಿರಾಡುವ ಹೆಂಗಸಿಗೆ ಹಾಕುತ್ತೇವೆ.

ಈಗ ಮನೆಯ ವಿಷಯಕ್ಕೆ ಬರುತ್ತೇನೆ.

ನಮ್ಮದು ತಿಪಟೂರಿನ ಹತ್ತಿರ ಕೂಡು ಕುಟುಂಬ. ನನ್ನ ಓರಗಿತ್ತಿಯನ್ನು ನಾನು ಅಕ್ಕ ಎನ್ನುತ್ತೇನೆ, ಮಕ್ಕಳಿಗೆ ಅವರು ದೊಡ್ಡಮ್ಮ. ನನ್ನ ಮಗಳಿಗೆ ಎಣ್ಣೆ ಹಚ್ಚಿ ಎರೆದವರು, ಜಡೆ ಹಾಕಿ ಶಾಲೆಗೆ ಕಳಿಸಿದವರು ಅವರೇ. 11 ವರ್ಷದ ಹಿಂದೆ ಭಾವನವರು ಎದೆನೋವು ಬಂದು ತೀರಿಕೊಂಡರು. ಆಮೇಲೆ ಯಾರಾದರೂ ಮನೆಯಿಂದ ಹೊರಡುವ ಹೊತ್ತಿಗೆ ಅಕ್ಕ ತಾವಾಗಿಯೇ ಹಿತ್ತಿಲಿಗೆ ಹೋಗಿಬಿಡುತ್ತಿದ್ದರು. ಯಾರೂ ಹೋಗೆಂದು ಹೇಳಿದ್ದಲ್ಲ, ಯಾರೂ ಹೋಗಬೇಡವೆಂದು ಗಟ್ಟಿಯಾಗಿ ಹೇಳಿದ್ದೂ ಇಲ್ಲ. ನೆಂಟರ ಮದುವೆಗಳಲ್ಲಿ ಉಗ್ರಾಣ ಅವರದ್ದೇ. ತೆಂಗಿನಕಾಯಿ ಲೆಕ್ಕ, ಬೆಲ್ಲದ ಲೆಕ್ಕ, ಚಕ್ಕುಲಿ ಕರಿಯುವುದು, ಚಿರೋಟಿ ಲಟ್ಟಿಸುವುದು, ಎಲ್ಲಕ್ಕೂ ಅವರ ಕೈ ಬೇಕು. ಹಸೆಮಣೆಯ ಹತ್ತಿರ ಮಾತ್ರ ಆ ಕೈ ಬರಕೂಡದು. ಅವರು ಮಾಡಿದ ಚಿರೋಟಿ ತಿಂದರೆ ಶುಭ, ಅವರು ಹಚ್ಚಿದ ಅರಿಶಿನ ಅಶುಭ. ಇದು ಯಾವ ಲೆಕ್ಕ, ನೀವೇ ಹೇಳಿ.

ಕಳೆದ ವರ್ಷ ನನ್ನ ಮಗಳ ಮದುವೆ ಗೊತ್ತಾಯಿತು. ಕರೆಯೋಲೆಯ ಇಂಗ್ಲಿಷ್ ಪುಟವನ್ನು ಅವಳೇ ಬರೆಯುತ್ತಿದ್ದಳು. ಬರೆಯುತ್ತಾ ಬರೆಯುತ್ತಾ, "ಅಮ್ಮಾ, ಅರಿಶಿನ ಶಾಸ್ತ್ರದಲ್ಲಿ ಮೊದಲು ದೊಡ್ಡಮ್ಮನೇ ಹಚ್ಚಬೇಕು. ಇಲ್ಲದಿದ್ರೆ ನಾನು ಮಣೆ ಮೇಲೆ ಕೂರೋದೇ ಇಲ್ಲ" ಅಂದಳು.

ನಾನು ಅತ್ತೆಯವರ ಹತ್ತಿರ ಮಾತೆತ್ತಿದೆ. ಶಕುನ ಅಂದರೆ ಹಕ್ಕಿ ಅಂತ ಅರ್ಥ, ಹೆಂಗಸು ಅಂತಲ್ಲ ಎಂದು ಓದಿದ್ದನ್ನೆಲ್ಲ ಹೇಳಿದೆ. "ನಿನ್ನ ಡಿಕ್ಷನರಿ ನಿನ್ನ ಹತ್ರ ಇಟ್ಕೊ. ಗಂಡಿನ ಕಡೆಯೋರು ಏನಂದಾರು?" ಎಂದರು. 2013ರಲ್ಲಿ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದ್ದನ್ನು ಹೇಳಿದೆ. ದೇವರಿಗೆ ಆರತಿ ಎತ್ತುವ ಕೈ ಮಗುವಿಗೆ ಅರಿಶಿನ ಹಚ್ಚಬಾರದೇ ಎಂದೆ. ನಮ್ಮ ಗಡಿಯಾಚೆ ಕೊಲ್ಹಾಪುರ ಜಿಲ್ಲೆಯ ಹೇರವಾಡ ಎಂಬ ಹಳ್ಳಿಯ ಪಂಚಾಯಿತಿಯವರು 2022ರ ಮೇ ತಿಂಗಳಲ್ಲಿ, ಗಂಡ ಸತ್ತವಳ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿಗಳೇ ಬೇಡವೆಂದು ಠರಾವು ಮಾಡಿದ್ದನ್ನೂ ಹೇಳಿದೆ. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ ಕೂತರೇ ಹೊರತು ಹೂಂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ.

ಕಷ್ಟವಾದದ್ದು ಅಕ್ಕನನ್ನು ಒಪ್ಪಿಸುವುದು. "ಬೇಡ ಕಣೇ," ಅಂದರು. "ಒಳ್ಳೇದಾದ್ರೆ ಯಾರೂ ನನ್ನ ನೆನೆಸಲ್ಲ. ನಾಳೆ ಆ ಮಗುಗೆ ಒಂದು ಜ್ವರ ಬಂದ್ರೂ ಅದು ನನ್ನ ಮೇಲೇ ಬರುತ್ತೆ. ಆ ಮಾತು ಕೇಳೋ ಶಕ್ತಿ ನನಗಿಲ್ಲ."

ಅವರು ಹೇಳಿದ್ದು ಸುಳ್ಳಲ್ಲ. ಕೋಳಿ ಕಾಳು ತಿಂದೂ ಸೋತ ಯುದ್ಧಗಳನ್ನು ಯಾರು ನೆನಪಿಡುತ್ತಾರೆ? ಯಾವ ಸಂಸಾರದಲ್ಲಿ ಜ್ವರ ಬರುವುದಿಲ್ಲ, ಯಾವ ಮನೆಯಲ್ಲಿ ಕಷ್ಟ ಬರುವುದಿಲ್ಲ? ನಾನು ಅವರ ಕೈ ಹಿಡಿದು, "ಮಾತು ಬಂದರೆ ಅದಕ್ಕೆ ಉತ್ತರ ಹೇಳೋಕೆ ನಾನಿದ್ದೀನಿ ಅಕ್ಕಾ" ಎಂದೆ. ಅವರು ಏನೂ ಹೇಳದೆ ಎದ್ದು ಹೋದರು.

ಅರಿಶಿನದ ದಿನ ಐದು ಜನ ಮುತ್ತೈದೆಯರು ಸಿದ್ಧರಾಗಿ ನಿಂತಿದ್ದರು, ಅಕ್ಕ ಎಂದಿನಂತೆ ಉಗ್ರಾಣದಲ್ಲಿದ್ದರು. ಮಗಳು ಅರಿಶಿನದ ಬಟ್ಟಲು ಹಿಡಿದು ನೇರ ಅಲ್ಲಿಗೇ ಹೋಗಿ, ಬೆಲ್ಲದ ಮೂಟೆಯ ಪಕ್ಕ ನೆಲದ ಮೇಲೆ ಕೂತು ಕೆನ್ನೆ ಒಡ್ಡಿದಳು. ಎಲ್ಲರೂ ಅತ್ತೆಯ ಮುಖ ನೋಡಿದರು. ಅತ್ತೆ, "ಹಚ್ಚೋದಾದ್ರೆ ಬೇಗ ಹಚ್ಚಿ ಮುಗ್ಸು, ಹೊತ್ತು ಮೀರ್ತಾ ಇದೆ" ಎಂದು ಗದರಿಕೊಂಡರು. ಅಕ್ಕನ ಕೈ ನಡುಗುತ್ತಿತ್ತು. ಹಚ್ಚಿದರು. ದೂರದ ನೆಂಟರೊಬ್ಬರು ಊಟ ಮಾಡದೆ ಎದ್ದು ಹೋದರು. ಗಂಡಿನ ಕಡೆಯವರು ಏನೂ ಅನ್ನಲಿಲ್ಲ.

ಮದುವೆಯಾಗಿ ಮೂರು ತಿಂಗಳಿಗೆ ಅಳಿಯಂದಿರು ಮಳೆಯಲ್ಲಿ ಬೈಕಿನಿಂದ ಜಾರಿ ಬಿದ್ದು ಮುಂಗೈ ಮೂಳೆ ಬಿರುಕು ಬಿಟ್ಟಿತು. ಆರು ವಾರ ಪಟ್ಟಿ. ಸುದ್ದಿ ತಿಳಿದ ಸಂಜೆಯೇ ಆ ನೆಂಟರ ಫೋನು ಬಂತು. "ಅವತ್ತೇ ಹೇಳಿದ್ವಿ, ನೀವು ಕೇಳಲಿಲ್ಲ." ನಾನು, ಆ ತಿರುವಿನಲ್ಲಿ ಮಣ್ಣು ಸುರಿದಿತ್ತು, ಅದೇ ವಾರ ಇನ್ನಿಬ್ಬರು ಅಲ್ಲಿಯೇ ಬಿದ್ದಿದ್ದಾರೆ, ಅವರಿಗೆ ಅರಿಶಿನ ಹಚ್ಚಿದವರು ಯಾರು ಎಂದು ಕೇಳುತ್ತಿದ್ದೆ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ಕಲ್ಲಿನಂತೆ ನಿಂತಿದ್ದರು.

ಆಗ ಅತ್ತೆ ಎದ್ದು ಬಂದು ನನ್ನ ಕೈಯಿಂದ ಫೋನು ತೆಗೆದುಕೊಂಡರು. "ನನ್ನ ದೊಡ್ಡ ಮಗನ ಮದುವೇಲಿ ಅರಿಶಿನ ಹಚ್ಚಿದ್ದು ಒಂಬತ್ತು ಜನ ಮುತ್ತೈದೇರು. ಜಾತಕ ನೋಡ್ಸಿ, ಗಳಿಗೆ ನೋಡ್ಸಿ, ಬಲಗಾಲಿಡ್ಸಿ ಇವಳನ್ನ ಮನೆ ತುಂಬಿಸ್ಕೊಂಡೆ. ನನ್ನ ಮಗ ಉಳಿದನಾ? ಇನ್ನೊಂದ್ಸಲ ಈ ಮಾತಿಗೆ ಫೋನ್ ಮಾಡ್ಬೇಡ" ಎಂದು ಇಟ್ಟುಬಿಟ್ಟರು. ಆಮೇಲೆ ಬಹಳ ಹೊತ್ತು ಜಗಲಿಯ ಮೇಲೆ ಕತ್ತಲಲ್ಲಿ ಒಬ್ಬರೇ ಕೂತಿದ್ದರು. ಅಕ್ಕ ಹೋಗಿ ಅವರ ಪಕ್ಕ ಕೂತರು. ಅವರಿಬ್ಬರೂ ಏನು ಮಾತಾಡಿದರೋ ನಾನು ಕೇಳಲು ಹೋಗಲಿಲ್ಲ.

ನಾನು ಶಕುನವನ್ನೇ ಬಿಟ್ಟವಳು ಎಂದು ತಿಳಿಯಬೇಡಿ. ಈಗಲೂ ಹೊರಡುವಾಗ ಯಾರಾದರೂ ಸೀನಿದರೆ ಒಂದು ಗಳಿಗೆ ಕೂತು ನೀರು ಕುಡಿದೇ ಏಳುತ್ತೇನೆ. ಅದರಿಂದ ಯಾರಿಗೂ ನೋವಿಲ್ಲ, ಬಸ್ಸು ತಪ್ಪಿದರೆ ನನಗೇ ತಪ್ಪುತ್ತದೆ. ಹಕ್ಕಿ, ಹಲ್ಲಿ, ಬೆಕ್ಕುಗಳಿಗೆ ನಾವು ಏನಂದರೂ ಅವು ಬೇಜಾರು ಮಾಡಿಕೊಳ್ಳುವುದಿಲ್ಲ. ಮನುಷ್ಯರು ಮಾಡಿಕೊಳ್ಳುತ್ತಾರೆ, ಮಾಡಿಕೊಂಡು ಹಿತ್ತಿಲಿಗೆ ಹೋಗುತ್ತಾರೆ.

ಅಳಿಯಂದಿರ ಕೈ ಈಗ ಸರಿಯಾಗಿದೆ. ಗೌರಿ ಹಬ್ಬಕ್ಕೆ ಇಬ್ಬರೂ ಬಂದಿದ್ದರು. ಹೊರಡುವ ಹೊತ್ತಿಗೆ ಅಕ್ಕ ಹಳೆಯ ಅಭ್ಯಾಸದಂತೆ ಕಾಣೆಯಾದರು. ಅತ್ತೆ ಪಡಸಾಲೆಯಿಂದಲೇ, "ಎಲ್ಲಿ ಹೋದ್ಯೇ? ಮಗು ಹೊರಟಿದೆ, ಬಂದು ಮುಂದೆ ನಿಂತ್ಕೊ" ಎಂದು ಕೂಗಿದರು. ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ನಿಮ್ಮ ಮನೆಯಲ್ಲೂ ಹೀಗೆ ಹಿತ್ತಿಲಿನಲ್ಲಿ ನಿಂತವರು ಯಾರಾದರೂ ಇದ್ದರೆ, ಒಮ್ಮೆ ಹೆಸರು ಹಿಡಿದು ಕೂಗಿ ನೋಡಿ.